ಅಕ್ಕನ ಗೆರೆ

ಫೆಬ್ರವರಿ 20

ಎಂಟಕ್ಕೆ ಮಾತ್ರೆ ಕೊಟ್ಟೆ. ಒಂಬತ್ತರಿಂದ ಹತ್ತರವರೆಗೆ, ಒಂದೇ ಗಂಟೆ, ಸೈಕಾಲ್ ಅಕ್ಕನ ಕೈ ನಡುಗದೆ ನಿಲ್ಲುತ್ತದೆ. ಆಮೇಲೆ ಮತ್ತೆ ನಡುಕ. ಬೇಸಿಗೆಯ ಹೊತ್ತಿಗೆ ಈ ಗಂಟೆಯೂ ಇರುವುದಿಲ್ಲ ಎಂದಿದ್ದಾರೆ ಡಾಕ್ಟರ್.

ಮೂವತ್ತು ವರ್ಷ ಊರವರ ಶಿರ್ದಾಕ್ ಎಂಬ ಉಣ್ಣೆ ಹಾಸುಗಳಿಗೆಲ್ಲ ಟಗರಿನ ಕೊಂಬಿನ ಚಿತ್ತಾರವನ್ನೇ ಕತ್ತರಿಸಿಕೊಟ್ಟವಳು. ಈಗ ಒಂದೇ ಒಂದು ಹಾಸು ತನ್ನದೇ ಚಿತ್ತಾರದ್ದು ಬೇಕಂತೆ. ನಾರಿನ್ ನದಿಯ ಮಂಜುಗಡ್ಡೆ ಬಿರುಕು ಬಿಡುವುದು.

ಪಕ್ಕದ ಮನೆಯ ಉಮ್ಸುನಾಯ್ ನಕ್ಕಳು. "ಅದರ ಮೇಲೆ ಯಾರಕ್ಕ ಕೂತ್ಕೋತಾರೆ? ಮುಳುಗಿ ಹೋಗಲ್ವಾ?"

"ನೀನು ಕೂತ್ಕೊಬೇಡ್ವೇ ಮಾರಾಯ್ತಿ. ನಿಜವಾಗ್ಲೂ ಒಡೆದೀತು."

ಫೆಬ್ರವರಿ 27

ಒತ್ತಿದ ಉಣ್ಣೆಯ ಹಾಳೆ ಎರಡು. ಕಪ್ಪು ಮೇಲೆ, ಬಿಳಿ ಕೆಳಗೆ. ನಮ್ಮ ಕುರಿಗಳ ಇಡೀ ವರ್ಷದ ಉಣ್ಣೆ. ಒಂದೇ ಚಾಕು, ಎರಡೂ ಪದರ ಒಟ್ಟಿಗೆ — ಕಪ್ಪಿನ ತುಂಡು ಬಿಳಿಯೊಳಗೆ, ಬಿಳಿಯದು ಕಪ್ಪಿನೊಳಗೆ. ಅವಳಿ ಹಾಸು. ಒಂದು ಕೆಟ್ಟರೆ ಎರಡೂ ಕೆಟ್ಟವು.

ಅಕ್ಕ ಮಧ್ಯಾಹ್ನ ಸೀಮೆಸುಣ್ಣ ಹಿಡಿಯುತ್ತಾಳೆ, ನಡುಗುವ ಹೊತ್ತಿನಲ್ಲೇ. ಬೆಳಿಗ್ಗೆ ಬರೆಯಬಾರದೇ ಎಂದೆ.

"ಬೆಳಗಿನ ಕೈ ಚಾಕೂಗೆ ಇರ್ಲಿ ಕಣೆ. ನೀನು ಸ್ಕೂಲಿಗೆ ಪಾಠ ಮಾಡೋಕೆ ಹೋಗು."

ಮಾರ್ಚ್ 3

ಅಕ್ಕ ಬರೆದ ಗೆರೆ ನೋಡಿದೆ. ಎಲ್ಲ ಕಡೆ ಅಂಕುಡೊಂಕು. ಇಂಥ ಕೈಯೇ ಒಂದು ಕಾಲದಲ್ಲಿ...

ಅವಳು ಮಲಗಿದ್ದಾಗ ಒರೆಸಿ ತಿದ್ದಿದೆ. ಮಕ್ಕಳ ಪದ್ಯದಲ್ಲಿ ಛಂದಸ್ಸು ಸರಿಮಾಡುವ ಹಾಗೆ. ಈಗ ಎಷ್ಟು ಚಂದ ಹರಿಯುತ್ತಿದೆ. ಹೇಳುವುದಿಲ್ಲ. ನೊಂದುಕೊಂಡಾಳು.

ಮಾರ್ಚ್ 4

ಕತ್ತರಿಸಿದಳು. ಮೂಗು ಉಣ್ಣೆಗೆ ತಾಗುವಷ್ಟು ಬಗ್ಗಿ, ಗೇಣು ಗೇಣಾಗಿ, ಒಂದೇ ಗಂಟೆಯಲ್ಲಿ.

ಎದ್ದು ನಿಂತು ನೋಡಿದಳು.

"ಜಿಪಾರ್, ಇದನ್ನ ಯಾರು ಮುಟ್ಟಿದ್ದು?"

ಹೇಳಿದೆ.

"ನಡುಕ ನಿಲ್ಸೋಕೆ ಆಗಲ್ಲ. ಅದಕ್ಕೇ ಅದರ ಕೈಗೇ ಸೀಮೆಸುಣ್ಣ ಕೊಟ್ಟಿದ್ದೆ. ಮಂಜುಗಡ್ಡೆ ನೆಟ್ಟಗೆ ಬಿರಿಯುತ್ತಾ ಏನೇ?"

ಕತ್ತರಿಸುವಾಗಲೇ ಕೈಗೆ ಅನುಮಾನ ಬಂದಿತ್ತಂತೆ. ನಿಲ್ಲಿಸಿದ್ದರೆ ಗಂಟೆ ಮುಗಿಯುತ್ತಿತ್ತು.

ಬೈಯಲಿಲ್ಲ. ಚಹಾ ಕೇಳಿದಳು.

ಮಾರ್ಚ್ 26

ಹೊಲಿಯಲು ಹೆಂಗಸರು ಬಂದಿದ್ದರು. ಎಲ್ಲರಿಗೂ ಮೆಚ್ಚುಗೆ. ಅಕ್ಕ ಒಬ್ಬೊಬ್ಬರಿಗೂ ಹೇಳುತ್ತಾಳೆ, "ನಮ್ಮ ಜಿಪಾರ್ ಬರೆದದ್ದು. ಎಂ.ಎ. ಓದಿದವಳು ನೋಡಿ." ಅಣಕವಲ್ಲ. ಅಣಕವಾಗಿದ್ದರೆ ತಡೆದುಕೊಳ್ಳಬಹುದಿತ್ತು.

ಇಷ್ಟು ವರ್ಷ ಕವಿತೆ ಓದಿದೆ. ಸಾಲು ಎಲ್ಲಿ ಮುರಿಯಬೇಕೋ ಅಲ್ಲಿ ಮುರಿಯುತ್ತದೆ ಎಂದು ಪಾಠ ಹೇಳಿದೆ. ಅಕ್ಕನ ಮುಂದೆ ಅದೊಂದೂ ನೆನಪಾಗಲಿಲ್ಲ.

ಮೇ 9

ಉಮ್ಸುನಾಯ್ ತನ್ನ ಮನೆಯ ಎರಡು ಉಣ್ಣೆ ಹಾಳೆ ಹೊತ್ತು ತಂದಳು. "ಮುಳುಗಿದ್ರೆ ನಾನು ಮುಳುಗ್ತೀನಿ. ನಿನ್ನ ಮಂಜುಗಡ್ಡೇನೇ ಕತ್ತರಿಸಕ್ಕ."

ಅಕ್ಕ ನಕ್ಕಳು. ಎರಡು ತಿಂಗಳ ಮೇಲೆ ಮೊದಲ ನಗು.

ಮೇ 10, ಬೆಳಿಗ್ಗೆ ಒಂಬತ್ತೂವರೆ

ಮಾತ್ರೆ ಕೊಟ್ಟು ಒಂದೂವರೆ ಗಂಟೆ. ಕೈಯ ನಡುಕ ನಿಂತಿಲ್ಲ. ಇನ್ನೊಂದು ಅರ್ಧ ಮಾತ್ರೆ ಕೊಟ್ಟೆ.

ಹತ್ತೂಕಾಲು

ಬರೆಯುವುದಕ್ಕಾದರೂ ಸಾಕು ಎಂದು ಸೀಮೆಸುಣ್ಣ ಕೊಟ್ಟೆ. ಬೆರಳು ಮುಚ್ಚಲಿಲ್ಲ. ನಾನೇ ಮುಚ್ಚಿ ಹಿಡಿದೆ. ಕಪ್ಪು ಹಾಳೆಯ ಮೇಲೆ ನಾಲ್ಕು ಬೆರಳಗಲ ಗೆರೆ ಬಂತು.

"ಬಿಡೇ," ಅಂದಳು. "ಎಳೀತಿರೋದು ನೀನು."

ಬಿಟ್ಟೆ. ಸೀಮೆಸುಣ್ಣ ಬಿತ್ತು. ಅಕ್ಕ ಬಗ್ಗಿ ಎತ್ತಿಕೊಳ್ಳಲು ನೋಡುತ್ತಿದ್ದಾಳೆ. ನಾನು ಎತ್ತಿಕೊಡಲೋ, ಹೀಗೇ ದಿನಚರಿ ಬರೆಯುತ್ತ ಕೂತಿರಲೋ —