ಮೈದಾನದಲ್ಲಿ ಹಾಸಿದ ಚಿಟೆಂಗೆ

ಅವ್ವಾ,

ಮಣ್ಣು ಸೇರಿದವರಿಗೆ ಕಾಗದ ತಲುಪುವುದಿಲ್ಲ, ಗೊತ್ತು. ಆದರೂ ಹೇಳದೆ ಇರಲಾರೆ.

ಇವತ್ತು ನಮ್ಮ ಚಿಂಗೋಲದ ಗಣಿ ಮೈದಾನದಲ್ಲಿ ಹೆಣ್ಣುಮಕ್ಕಳ ರಾಷ್ಟ್ರೀಯ ಫುಟ್‌ಬಾಲ್ ಲೀಗಿನ ಮೊದಲ ಪಂದ್ಯ ನಡೆಯಿತು. ಚಡ್ಡಿ ತೊಟ್ಟು ಚೆಂಡಿನ ಹಿಂದೆ ಓಡುತ್ತಿದ್ದ ನನ್ನನ್ನು ನೀನು ಹಿಡಿದು, ನಿನ್ನ ಫ್ರಾಕಿನ ಮೇಲೆ ಸುತ್ತಿದ್ದ ಚಿಟೆಂಗೆ ಬಿಚ್ಚಿ ನನ್ನ ಕಾಲು ಮುಚ್ಚಿ, ಮನೆಗೆ ಎಳೆದೊಯ್ದೆಯಲ್ಲ, ಅದೇ ಮೈದಾನ.

ನಮ್ಮ ಹುಡುಗಿಯರು ಗೆದ್ದರು. ಒಣಮೀನು ಮಾರುವ ಮುಸೊಂಡನ ಅವ್ವ ಎದ್ದು ನಿಂತು, "ಮದುಮಗಳು ನಡೆಯೋ ದಾರಿಗಷ್ಟೇ ಏನ್ರೇ ಚಿಟೆಂಗೆ ಹಾಸೋದು? ಬಿಚ್ರೇ!" ಎಂದು ಕೂಗಿದಳು. ಸಂತೆಯ ಹೆಂಗಸರೆಲ್ಲ ಕೇಕೆ ಹಾಕುತ್ತಾ ಚಿಟೆಂಗೆ ಬಿಚ್ಚಿ ಹುಡುಗಿಯರ ದಾರಿಗೆ ಹಾಸಿದರು. ಕೆಂಪು ಧೂಳು ಕಾಣದಷ್ಟು ಬಣ್ಣ, ಅವ್ವಾ!

ಆಮೇಲೆ ನಾನೂ ಹಾಸಿದೆ, ನಿನ್ನ ಅದೇ ಚಿಟೆಂಗೆಯನ್ನು. ಗೋಲು ಹೊಡೆದ ಮ್ವಾಪೆ ಅದರ ಮುಂದೆ ತಡೆದು ನಿಂತಳು.

"ಹಳೇ ಬಟ್ಟೆ, ಅಮ್ಮ. ಬೂಟಿಗೆ ಹರಿದೋಗುತ್ತೆ."

"ಹರಿದ್ರೆ ಹರೀಲಿ, ತುಳಿಯೇ ತಾಯಿ."

ಹರಿಯಲಿಲ್ಲ. ಎರಡು ಕೆಂಪು ಹೆಜ್ಜೆ ಉಳಿದಿವೆ. ಮನೆಗೆ ಬಂದು ಅವುಗಳ ಮೇಲೆ ನನ್ನ ಪಾದ ಇಟ್ಟು ನೋಡಿದೆ. ಅಳತೆ ಒಂದೇ.

ಬೈಯಬೇಡ, ಇದನ್ನು ಒಗೆಯುವುದಿಲ್ಲ.