ರಿಪ್ಪನ್‌ಪೇಟೆಯಲ್ಲಿ ಐದು ನಿಮಿಷ

ನವೆಂಬರ್ 10

ಇವತ್ತೂ ಅದೇ. ವರದಿ ತೆಗೆಯುವ ಒಂದೊಂದು ಟೂಲ್‌ಗೂ ಒಂದು ಪುಟ. ಹೆಸರು, ಏನು ಲೆಕ್ಕ ಹಾಕುತ್ತದೆ, ಯಾವಾಗ ಬಳಸಬೇಕು, ಯಾವಾಗ ಬಳಸಬಾರದು. ಟಿಕೆಟ್ ಮಷಿನ್ ವರದಿ ಮುಗಿಯಿತು. ಡೀಸೆಲ್ ವರದಿಯೂ ಮುಗಿಯಿತು. ಓದುವುದು ಮನುಷ್ಯರಲ್ಲ, ಎಐ ಏಜೆಂಟ್. ನನ್ನ ಪುಟ ಓದಿಕೊಂಡು ತಾನೇ ವರದಿ ತೆಗೆದು ಓನರ್‌ಗೆ ಹೇಳುತ್ತದಂತೆ — ಯಾವ ಬಸ್ಸು, ಯಾರು, ಏನು ತಪ್ಪು.

ಮ್ಯಾನೇಜರ್ ಗೌತಮ್ ಸರ್ ಹೇಳಿದ್ದನ್ನೇ ಹೇಳಿದರು. "ಕುಮುದಾ, ಅದಕ್ಕೆ ನಮ್ಮೂರು ಗೊತ್ತಿಲ್ಲ. ಇವತ್ತೇ ಕೆಲಸಕ್ಕೆ ಬಂದವರಿಗೆ ಹೇಳೋ ಹಾಗೆ ಬರೀರಿ." ನಾನು ಸಾಗರದ ಈ ಬಸ್ ಆಫೀಸಿಗೆ ಸೇರಿದಾಗ ಕುರ್ಚಿ ಯಾವುದು ಅಂತಲೂ ಯಾರೂ ಹೇಳಲಿಲ್ಲ. ಏಜೆಂಟಿಗೆ ಮಾತ್ರ ಎಲ್ಲ ಬಿಡಿಸಿ ಹೇಳಬೇಕು. ಇರಲಿ.

ಅಪ್ಪ ಟೀಗೆ ಬಂದಾಗ ಹೇಳಿದೆ. ಅವರು ನಮ್ಮದೇ ಕಂಪನಿಯ ಕಂಡಕ್ಟರ್ — ತೀರ್ಥಹಳ್ಳಿಯಿಂದ ಸಾಗರಕ್ಕೆ ಬರುವ ಬೆಳಗಿನ ಬಸ್ಸು. "ಯಾವ ಏಜೆಂಟೇ? ರಿಪ್ಪನ್‌ಪೇಟೆ ಸ್ಟ್ಯಾಂಡಲ್ಲಿ ಬೀಡಿ ಸೇದ್ತಾ ಕೂತಿರ್ತಾನಲ್ಲ, ಅವ್ನಾ?" ಅಂದರು. ನಕ್ಕು ಸಾಕಾಯಿತು.

ನವೆಂಬರ್ 13

'ತಡ ವರದಿ' ಪುಟ. ಎಲ್ಲಕ್ಕಿಂತ ತಲೆನೋವಿನದು. ಹೀಗೆ ಬರೆದೆ — 'ರಿಪ್ಪನ್‌ಪೇಟೆಯಲ್ಲಿ ಹೊಸನಗರದ ಬಸ್ಸು ಬರುವವರೆಗೆ ಸಾಮಾನ್ಯವಾಗಿ ಕಾಯುತ್ತಾರೆ. ಅದನ್ನು ತಡ ಎಂದು ಎಣಿಸಬೇಡಿ.'

ಗೌತಮ್ ಸರ್ ಪೆನ್ನಲ್ಲಿ ಸ್ಕ್ರೀನ್ ಕುಟ್ಟಿದರು. "ಸಾಮಾನ್ಯವಾಗಿ ಅಂದ್ರೆ? ಎಷ್ಟು ನಿಮಿಷ? ಹೊಸನಗರದ್ದು ಬೇರೆ ಕಂಪನಿ ಬಸ್ಸು, ಅದರ ಜಿಪಿಎಸ್ ನಮ್ಮ ಹತ್ರ ಇದ್ಯಾ? ಏಜೆಂಟ್ ಹೇಗೆ ತಿಳ್ಕೊಳ್ಳತ್ತೆ? ನಂಬರ್ ಹಾಕಿ, ಇಲ್ಲ ಸಾಲು ತೆಗೀರಿ."

ನವೆಂಬರ್ 14

ಅಪ್ಪನ್ನ ಕೇಳಿದೆ. ಎಷ್ಟು ನಿಮಿಷ ಕಾಯ್ತೀರಿ?

"ಬರೋ ತನ್ಕ."

ಅಲ್ಲಪ್ಪಾ, ಎಷ್ಟು ಅಂತ ಬರೀಲಿ?

"ಬರೋ ತನ್ಕ ಅಂದ್ರೆ ಬರೋ ತನ್ಕ ಮಗಾ. ಮೂಕಮ್ಮ ಆ ಬಸ್ಸಲ್ಲಿ ಬರ್ತಾಳೆ. ಸಕ್ರೆ ಕಾಯ್ಲೆ, ಕಾಲಲ್ಲಿ ಹುಣ್ಣು. ಸಾಗರಕ್ಕೆ ಬಂದು ಡ್ರೆಸ್ಸಿಂಗ್ ಮಾಡಿಸ್ಕಬೇಕು. ಅವ್ಳ ಬಿಟ್ಟು ಬರಕ್ಕಾಗ್ತದಾ? ಅವ್ರ ಬಸ್ಸೂ ನಮ್ಗೆ ಕಾಯ್ತದೆ. ಇದೆಲ್ಲ ಬರೆಯೋದು ಎಂಥದು?"

ಬರೆಯುವುದು ಎಂಥದು... ನನ್ನ ಕೆಲಸವೇ ಅದು.

ನವೆಂಬರ್ 17

ಸಾಲು ತೆಗೆದೆ. ಬದಲಿಗೆ — 'ಒಂದು ನಿಲ್ದಾಣದಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ನಿಂತರೆ ಅದು ಸಿಬ್ಬಂದಿಯ ತಡ.' ಚಿಕ್ಕದು, ಸ್ಪಷ್ಟ. ಗೌತಮ್ ಸರ್ ಎಲ್ಲರ ಎದುರು ಓದಿದರು. "ಡಾಕ್ಯುಮೆಂಟೇಶನ್ ಅಂದ್ರೆ ಇದು." ಪಕ್ಕದ ಟೇಬಲ್ಲಿನ ಶಿಲ್ಪಶ್ರೀ ಚಪ್ಪಾಳೆ ತಟ್ಟಿದಳು. ನನಗೂ ಖುಷಿಯಾಯಿತು. ಯಾಕೆ ಸುಳ್ಳು ಹೇಳಲಿ, ಆಯಿತು.

ಡಿಸೆಂಬರ್ 22

ಏಜೆಂಟ್ ಶುರುವಾಗಿ ಮೊದಲನೇ ವರದಿ. ಚೆನ್ನಾಗಿದೆ, ಒಂದೂ ತಪ್ಪಿಲ್ಲ. 'ಸಿಬ್ಬಂದಿಯ ತಡ — ಅತಿ ಹೆಚ್ಚು: ಹುಲಿಯಪ್ಪ, ತೀರ್ಥಹಳ್ಳಿ–ಸಾಗರ.'

ನಮ್ಮಪ್ಪ. ಕೆಂಪು ಬಣ್ಣದಲ್ಲಿ. ಓನರ್‌ಗೆ ಆಗಲೇ ಹೋಗಿತ್ತು.

ಡಿಸೆಂಬರ್ 29

ಅಪ್ಪನ್ನ ಬಸ್ಸಿಂದ ಇಳಿಸಿದರು. ನಾಳೆಯಿಂದ ಸಾಗರದಲ್ಲೇ ಪಾರ್ಸಲ್ ಕೌಂಟರ್. ಬಸ್ಸಿಗೆ ದೀಪಕ್ ಎಂಬ ಹೊಸ ಹುಡುಗ. ಅಪ್ಪ ತಮ್ಮ ಹಿತ್ತಾಳೆ ಸೀಟಿ ಅವನಿಗೇ ಕೊಟ್ಟರಂತೆ. "ರಿಪ್ಪನ್‌ಪೇಟೇಲಿ ಹೊಸನಗರ ರೋಡ್ ಕಡೆ ಒಂದ್ಸಲ ನೋಡಿ ಊದು" ಅಂತ ಹೇಳಿ ಬಂದರಂತೆ. ಮನೆಯಲ್ಲಿ ಊಟಕ್ಕೆ ಕೂತವರು ಅನ್ನ ಕಲಸಿ ಹಾಗೇ ಎದ್ದರು.

ಡಿಸೆಂಬರ್ 30

ಏಜೆಂಟನ್ನೇ ಕೇಳಿದೆ — ಹುಲಿಯಪ್ಪ ಯಾಕೆ ಮೊದಲನೇ ಹೆಸರು? ತಕ್ಷಣ ಉತ್ತರ ಬಂತು. ಎಷ್ಟು ಮರ್ಯಾದೆ! 'ರಿಪ್ಪನ್‌ಪೇಟೆಯಲ್ಲಿ ಪದೇ ಪದೇ ಐದು ನಿಮಿಷಕ್ಕಿಂತ ಹೆಚ್ಚು ನಿಂತಿದ್ದಾರೆ. ಇದಕ್ಕೆ ವಿನಾಯಿತಿ ಇಲ್ಲ. ಆಧಾರ: ತಡ ವರದಿ ಪುಟ. ಬರೆದವರು: ಕುಮುದಾ ಎಚ್.'

ಎಚ್ ಅಂದರೆ ಹುಲಿಯಪ್ಪ ಅಂತ ಅದಕ್ಕೆ ಯಾರೂ ಬರೆದುಕೊಟ್ಟಿಲ್ಲ.

ಗೌತಮ್ ಸರ್ ಹತ್ತಿರ ಹೋದೆ. "ಏಜೆಂಟ್ ತಪ್ಪು ಮಾಡಿದ್ಯಾ? ಇಲ್ಲ. ಪುಟ ನಿಮ್ಮದೇ ಅಲ್ವಾ?" ಅವರ ಮುಖಕ್ಕೆ ಏನಾದರೂ ಎಸೆಯಬೇಕು ಅನ್ನಿಸಿತು. ಎಸೆದರೆ ನನಗೇ ಎಸೆದುಕೊಳ್ಳಬೇಕು.

ಜನವರಿ 3

ಆ ಪುಟ ಬರೆದವಳು ನಾನೇ ಅಂತ ಅಪ್ಪನಿಗೆ ಶಿಲ್ಪಶ್ರೀ ಬಾಯಿಬಿಟ್ಟಿದ್ದಾಳೆ. ಕೌಂಟರಿನಿಂದ ಸೀದಾ ನನ್ನ ಟೇಬಲ್ಲಿಗೆ ಬಂದರು.

"ನೀ ಬರ್ದಿದ್ದು ತೋರ್ಸು."

ತೋರಿಸಿದೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಬೈಯಲಿ ಅಂತ ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಚೆನ್ನಾಗಿ ಬರ್ದೀಯ. ನಂಗೂ ಅರ್ಥ ಆತು ನೋಡು."

ಪಾರ್ಸಲ್ ಕಟ್ಟಲು ಹೋದರು.

ಜನವರಿ 9

ತೆಗೆದ ಸಾಲು ವಾಪಸ್ ಸೇರಿಸಿ ಕಳಿಸಿದ್ದೆ. ರಿಜೆಕ್ಟ್. 'ಅಳೆಯಲು ಡೇಟಾ ಇಲ್ಲ.' ಇನ್ನೊಂದು ಸಲ ಕಳಿಸಿದೆ. ಅದಕ್ಕೆ ಉತ್ತರವೂ ಇಲ್ಲ. ಇಡೀ ಆಫೀಸಿನಲ್ಲಿ ಅಪ್ಪ ಯಾಕೆ ನಿಲ್ಲುತ್ತಿದ್ದರು ಅಂತ ಗೊತ್ತಿದ್ದವಳು ನಾನೊಬ್ಬಳೇ. ಅಳಿಸಿದವಳೂ ನಾನೇ.

ಜನವರಿ 18

ತೀರ್ಥಹಳ್ಳಿಯಲ್ಲಿ ಅತ್ತೆ ಮಗಳ ಮದುವೆ ಮುಗಿಸಿ ಬೆಳಗಿನ ಬಸ್ಸಿಗೇ ಬಂದೆವು, ನಾನು, ಅಪ್ಪ. ದೀಪಕ್ "ಹುಲಿಯಪ್ಪಣ್ಣ, ಮುಂದೆ ಕೂತ್ಕಳಿ" ಅಂದ. ಅಪ್ಪ ಕಿಟಕಿ ಪಕ್ಕ.

ರಿಪ್ಪನ್‌ಪೇಟೆ. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ದೀಪಕ್ ಮೊಬೈಲ್ ನೋಡಿಕೊಂಡ. "ಟೈಮ್ ಆತಣ್ಣ, ಏನ್ ಮಾಡ್ಲಿ..." ಅವನ ಮುಖವೂ ಸಣ್ಣಗಾಗಿತ್ತು. ಅಪ್ಪ ನನ್ನ ಕಡೆ ನೋಡಲಿಲ್ಲ. ನೋಡಬಹುದಿತ್ತು.

ಸೀಟಿ ಊದಿದ. ಅಪ್ಪನ ಸೀಟಿ. ಬಸ್ಸು ಹೊರಟಿತು. ಅಷ್ಟರಲ್ಲಿ ಹಿಂದೆ ಹೊಸನಗರದ ಬಸ್ಸು ಸ್ಟ್ಯಾಂಡಿಗೆ ತಿರುಗಿತು. ನಾಲ್ಕೈದು ಜನ ಇಳಿದು ಓಡಿ ಬಂದರು. ಕೊನೆಗೆ ಇಳಿದವಳು ಓಡಲಿಲ್ಲ. ಕಾಲಿಗೆ ಬಿಳಿ ಬ್ಯಾಂಡೇಜ್. ಕೈ ಎತ್ತಿ ಹಾಗೇ ನಿಂತಳು — ನಿಲ್ಲುತ್ತದೆ ಎಂಬ ನಂಬಿಕೆಯಲ್ಲಿ.

ಆಫೀಸಿಗೆ ಬಂದು ನೋಡಿದೆ. ಇವತ್ತಿನ ವರದಿಯಲ್ಲಿ ನಮ್ಮ ಬಸ್ಸು ಹಸಿರು. ತಡ ಇಲ್ಲ.

ಅದಲ್ಲ ಬರೆಯಬೇಕಾದ್ದು. ಬಸ್ಸಲ್ಲಿ, ಅವಳು ಕೈ ಎತ್ತಿದಾಗ, ಅಪ್ಪ ಸೀಟಿಂದ ಎದ್ದರು. ಕಿಟಕಿಯಿಂದ ತಲೆ ಹೊರಗೆ ಹಾಕಿ "ಮೂಕಮ್ಮಾ" ಅಂದರು. ಆಮೇಲೆ ಅವರ ಕೈ ತಾನಾಗಿ ಶರ್ಟಿನ ಜೇಬಿಗೆ ಹೋಯಿತು, ಹಿತ್ತಾಳೆ ಸೀಟಿ ತೆಗೆಯಲು. ಜೇಬಲ್ಲಿ ಹುಡುಕಿದರು... ಹುಡುಕುತ್ತಲೇ ಇದ್ದರು, ನಾನು ಅಪ್ಪಾ ಅಂತ ಕೈ ಹಿಡಿಯಲು ಹೋದರೂ ಆ ಕೈ ಜೇಬಿಂದ ಹೊರಗೆ ಬರಲಿಲ್ಲ.