ಹೊಸ ಟೀಚರ್, ದೊಡ್ಡ ಸರ್

೧೯ ಸೆಪ್ಟೆಂಬರ್ ೨೦೨೫, ಶುಕ್ರವಾರ. ಗಾಂಧಿನಗರ.

ಮುಖ್ಯಶಿಕ್ಷಕಿಯಾಗಿ ನನ್ನ ಮೊದಲ ಟರ್ಮ್ ಇವತ್ತಿಗೆ ಮುಗಿಯಿತು. ನಾಳೆಯಿಂದ ದಸರಾ ರಜೆ. ಬೆಳಿಗ್ಗೆ ಶಾಲೆಯ ಎಸ್‌ಡಿಎಂಸಿ ಸಮಿತಿ ಅಧ್ಯಕ್ಷ ಕೊಟ್ರಬಸಪ್ಪ ಆಫೀಸಿಗೆ ಬಂದವನು, ಕುರ್ಚಿಯಲ್ಲಿ ಕೂತಿದ್ದ ನನ್ನನ್ನು ದಾಟಿ, ಏಳನೇ ಕ್ಲಾಸಿನ ಮೇಷ್ಟ್ರು ಪ್ರಹ್ಲಾದರನ್ನು ಕೇಳಿದ: "ದೊಡ್ಡ ಸರ್, ಸಹಿ ಎಲ್ಲಿ ಮಾಡ್ಲಿ?" ಅವರು ಬೆರಳಿಟ್ಟು ತೋರಿಸಿದರು. ಈ ಊರಲ್ಲಿ ದೊಡ್ಡ ಸರ್ ಅಂದರೆ ಹೆಡ್‌ಮಾಸ್ಟರ್; ನಾನು ಬರುವ ತನಕ ಅವರೇ ಇನ್‌ಚಾರ್ಜ್ ಇದ್ದರು, ಸರಿ. ಆದರೆ ಜೂನ್‌ನಿಂದ ಇಡೀ ಊರಿಗೆ ನಾನು "ಹೊಸ ಟೀಚರ್", ಮತ್ತು ಆ ಮನುಷ್ಯ ಒಂದು ದಿನವೂ ಯಾರನ್ನೂ ತಿದ್ದಲಿಲ್ಲ. ಕುರುಗೋಡು ಬಸ್ಸಿನ ಕಂಡಕ್ಟರ್ ಕೂಡ ನನ್ನನ್ನು ಇಳಿಸುವಾಗ "ದೊಡ್ಡ ಸರ್ ಸಾಲಿ ಬಂತ್ರಿ" ಎನ್ನುತ್ತಾನೆ.

ಸಂಜೆ ಮಕ್ಕಳೆಲ್ಲ ಹೋದ ಮೇಲೆ ಪ್ರಹ್ಲಾದರನ್ನು ಆಫೀಸಿಗೆ ಕರೆದೆ.

"ರಜಾ ಮುಗಿದ ಮ್ಯಾಲ ಏಳನೇ ಕ್ಲಾಸ್ ಬಿಟ್ಟು ನಲಿಕಲಿ ತಗೋರಿ ಸರ್."

"ಒಂದನೇ ಕ್ಲಾಸಿನ ಮಕ್ಕಳ ಜೋಡಿ ನೆಲದ ಮ್ಯಾಲ ಕೂತು ಹಾಡು ಹೇಳೋದಾ? ನನಗ ಮೊಣಕಾಲು ನೋವು ಅದ ಮೇಡಂ."

"ನಿಂತು ಹಾಡ್ರಿ. ಸಣ್ಣ ಮಕ್ಕಳಿಗೂ ದೊಡ್ಡ ಸರ್ ಬೇಕಲ್ರಿ."

ನಗದೆ ಹೇಳಿದೆ. ಹೊಟ್ಟೆ ತಣ್ಣಗಾಯಿತು. ನೋವು ನಿಜವೇ ಇರಬಹುದು. ಇರಲಿ.

ಬಾಗಿಲ ತನಕ ಹೋಗಿ, ತಿರುಗಿ ನೋಡದೆ, "ಆಗ್ಲಿ, ದೊಡ್ಡ ಮೇಡಂ" ಎಂದರು.

ಕೊನೆಗೂ ಅಂದರು. ಆದರೆ ಕೇಳಿಸಿಕೊಳ್ಳಲು ಶಾಲೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ರಜೆ ಮುಗಿದ ಮೊದಲ ದಿನ, ಪ್ರಾರ್ಥನೆ ಹೊತ್ತಿಗೆ, ಅದನ್ನೇ ಇನ್ನೊಮ್ಮೆ ಹೇಳಿಸಬೇಕು. ಕೈಗೆ ಮೈಕ್ ಕೊಟ್ಟು.